ಗುಡಿಸಿದ ಗುಡ್ಡ

ಕಿತ್ತೂರಿನ ಆಚೆ, ಕಾಡಿನ ಅಂಚಿನಲ್ಲಿ ನಮ್ಮೂರು. ಬೇಸಿಗೆ ಬಂತೆಂದರೆ ಹೆಂಗಸರೆಲ್ಲ ಊರ ಹಿಂದಿನ ಗುಡ್ಡ ಹತ್ತಿ, ಉದುರಿದ ಎಲೆಯನ್ನು ಗುಡಿಸಿ, ಬುಟ್ಟಿ ತುಂಬಿ ತಂದು ತಿಪ್ಪೆಗೆ ಹಾಕುತ್ತಿದ್ದೆವು. ನನ್ನ ಅತ್ತೆ ಗುಡಿಸಿದ ಕಡೆ ಹುಡುಕಿದರೂ ಒಂದು ಎಲೆ ಸಿಗುತ್ತಿರಲಿಲ್ಲ. ಅದು ಅವರ ಹೆಮ್ಮೆ, ಸೊಸೆಯಾದ ನನಗೆ ತಲೆನೋವು.

ಆ ಗುಡ್ಡದಲ್ಲಿ ನಾವು ನೆಟ್ಟ ಸಸಿಗಳು ಎರಡು ವರ್ಷವೂ ಒಣಗಿದವು. ಮೂರನೆಯ ಸಲವೂ ಒಣಗಿದರೆ ಗುಡ್ಡವನ್ನು ರಸ್ತೆಗೆ ಹಾಕುವ ಗರಸು ಮಣ್ಣು ಅಗೆಯಲು ಬಿಟ್ಟುಕೊಡುವುದೇ ಸೈ ಎಂದು ಊರ ಹಿರಿಯರು ಹೇಳಿಬಿಟ್ಟರು. ಸಸಿ ನೆಡೋಣವೆಂದು ಎಲ್ಲರನ್ನೂ ಹೊರಡಿಸಿದವಳು ನಾನು, ಗಾಬರಿಯಾಯಿತು. ಮತ್ತೆ ಸಸಿ ನೆಟ್ಟು, ದಿನವೂ ಅವುಗಳ ಬುಡವನ್ನು ಅಂಗಳದಂತೆ ಗುಡಿಸಿದೆ, ನೀರು ಹೊತ್ತು ಹಾಕಿದೆ. ಹಾಕಿದ ನೀರೆಲ್ಲ ಇಳಿಜಾರಿನಲ್ಲಿ ಹರಿದುಹೋಗುತ್ತಿತ್ತು.

ಅದೇ ದಿನಗಳಲ್ಲಿ ಅತ್ತೆಯೂ ನಾನೂ ದೇವಿಯ ಬನಕ್ಕೆ ಎಡೆ ಒಯ್ದೆವು. ಬನದಿಂದ ಒಂದು ಎಲೆಯನ್ನೂ ತರುವಂತಿಲ್ಲ. ಹೊರಡುವಾಗ ಸೀರೆಯ ಅಂಚನ್ನು ಕೂಡ ಕೊಡವಿ ಬರಬೇಕು. ಕೈ ತೊಳೆಯಲೆಂದು ತಂಬಿಗೆ ಬಗ್ಗಿಸಿದೆ. ನೀರು ಬಿದ್ದಲ್ಲೇ ಮಾಯವಾಯಿತು. ಇನ್ನೊಂದು ತಂಬಿಗೆ ಸುರಿದೆ, ಅದೂ ಇಲ್ಲ! ಎಲೆ ಸರಿಸಿ ಕೈ ಊರಿದರೆ ಮಣಿಕಟ್ಟಿನವರೆಗೆ ಇಳಿಯಿತು. ತಣ್ಣನೆಯ ಕರಿ ಮಣ್ಣು, ಅದರೊಳಗೆ ದಾರದಂಥ ಬಿಳಿ ಎಳೆಗಳು, ಹೆಸರೇ ಗೊತ್ತಿಲ್ಲದ ಹುಳುಗಳು. ಸುಡುಬಿಸಿಲಿನಲ್ಲಿ ಮಳೆಯ ವಾಸನೆ. ನಮ್ಮ ಗುಡ್ಡಕ್ಕೂ ಇದಕ್ಕೂ ನಡುವೆ ಇರುವುದು ಒಂದು ಕಾಲುದಾರಿ ಮಾತ್ರ.

ಅತ್ತೆಯೂ ಕೈ ಊರಿ ನೋಡಿದರು. "ಇಲ್ಲಿ ಯಾರೂ ಕಸಾ ಹೊಡದಿಲ್ಲ ನೋಡವಾ," ಅಂದರು. ಕೈಗೆ ಹತ್ತಿದ ಮಣ್ಣನ್ನು ಅಲ್ಲೇ ಕೊಡವಿ, "ಗುಡ್ಡದ ಕಸಾ ನಾನ ಹೊಡದೇನಿ, ಮದವಿ ಆಗಿ ಬಂದಾಗಿಂದ."

ಮರುದಿನ ಅವರು ತಿಪ್ಪೆಗೆಂದು ಕೂಡಿಟ್ಟಿದ್ದ ಎಲೆಯನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿ, ಸಸಿಗಳ ಬುಡಕ್ಕೆ ಹರಡಿದರು. ಮುದುಕಿಗೆ ಅರಳುಮರಳು ಎಂದು ಊರು ನಕ್ಕಿತು. ನಾನೂ ಬುಟ್ಟಿ ಎತ್ತಿದೆ, ಆಮೇಲೆ ಉಳಿದ ಹೆಂಗಸರೂ ಬಂದರು. ಆ ವರ್ಷ ಅರ್ಧದಷ್ಟು ಸಸಿ ಬದುಕಿದವು. ಗುಡ್ಡವೂ ಉಳಿಯಿತು.

ಈಗ ಅತ್ತೆಗೆ ಮೊಣಕಾಲು ನೋವು, ಗುಡ್ಡ ಹತ್ತಲಾಗುವುದಿಲ್ಲ. ಮೊನ್ನೆ ಅಲ್ಲಿ, ಅಂದು ನೆಟ್ಟ ಒಂದು ಮರದ ಬುಡ ಕೆದಕಿದೆ. ಇಷ್ಟು ವರ್ಷಗಳಲ್ಲಿ ಗರಸಿನ ಮೇಲೆ ಕೂಡಿದ ಕರಿ ಮಣ್ಣು ಬೆರಳಿನ ಉಗುರು ಮುಳುಗುವಷ್ಟು. ಕೆರೆದು ಕೆರೆದು ಒಂದು ಹಿಡಿ ಮಾಡಿ ಸೆರಗಿನಲ್ಲಿ ತಂದೆ.

ಅತ್ತೆ ಮೂಸಿ ನೋಡಿ ಸಿಟ್ಟಾದರು. "ಬನದ ಮಣ್ಣ ಯಾಕ ತಂದಿ? ಒಯ್ದು ಅಲ್ಲೇ ಹಾಕಿ ಬಾ."

"ಬನದ್ದಲ್ಲರಿ ಅತ್ತಿ, ನಮ್ಮ ಗುಡ್ಡದ್ದು."

ಅವರು ಮತ್ತೊಮ್ಮೆ ಮೂಸಿದರು. ಬಹಳ ಹೊತ್ತು ಕೈ ಕೆಳಗಿಳಿಸಲಿಲ್ಲ.

"ಗುಡ್ಡದ್ದಾದ್ರೂ," ಅಂದರು, "ಒಯ್ದು ಅಲ್ಲೇ ಹಾಕಿ ಬಾ."