ಉಸ್ಮಾನಾಕನ ಕೆಂಪು ನೂಲು

ಉಸ್ಮಾನಾಕ ಉಣ್ಣುವುದು ಬಲಗೈಯಲ್ಲಿ, ಸಹಿ ಹಾಕುವುದು ಬಲಗೈಯಲ್ಲಿ. ತಾಮ್ರದ ತಂತಿ ಕಂಡರೆ ಮಾತ್ರ ಎಡಗೈ ತಾನಾಗಿ ಮುಂದೆ ಬರುತ್ತಿತ್ತು. ಮದ್ರಸದಲ್ಲಿ ಉಸ್ತಾದರ ಬೆತ್ತ ಎಷ್ಟು ಬಿದ್ದರೂ ಆ ಕೈ ಹಟ ಬಿಟ್ಟಿರಲಿಲ್ಲ. ಸುಟ್ಟುಹೋದ ಮೋಟರು, ಪಂಪುಗಳಿಗೆ ಹೊಸ ತಂತಿ ಸುತ್ತುವುದು ಅವರ ಕಸುಬು. ಬಂದರಿನ ಎರಡು ಗೋದಾಮುಗಳ ನಡುವೆ ಸಿಕ್ಕಿಕೊಂಡಂತಿದ್ದ ಒಂದೇ ಕೋಣೆಯ ಅಂಗಡಿ. ಬೇರೆಯವರು ಸುತ್ತುವ ಯಂತ್ರದ ಹಿಡಿಯನ್ನು ಯಾವ ಕಡೆ ತಿರುಗಿಸುತ್ತಾರೋ ಇವರದು ಅದಕ್ಕೆ ತದ್ವಿರುದ್ಧ. ಅದಕ್ಕೇ ತಂತಿ ಶುರುವಾಗುವ ತುದಿಗೆ ಒಂದು ಕೆಂಪು ನೂಲು ಕಟ್ಟುತ್ತಿದ್ದರು. ಆಮೇಲೆ ಕರೆಂಟು ಕೊಟ್ಟು, ಪಕ್ಕದಲ್ಲಿ ಕಾಂಪಾಸ್ ಇಟ್ಟು, ಮುಳ್ಳು ಯಾವ ಕಡೆ ತಿರುಗುತ್ತದೆಂದು ಎರಡು ಸಲ ನೋಡುತ್ತಿದ್ದರು.

"ಎಡಚನನ್ನು ಯಾರೂ ನಂಬುವುದಿಲ್ಲ ಮಗಳೇ. ಎಡಚನೂ ತನ್ನನ್ನು ನಂಬಬಾರದು. ಎರಡು ಸಲ ನೋಡಬೇಕು," ಎಂದು ನನಗೆ ಹೇಳುತ್ತಿದ್ದರು. ಮನೆಯಲ್ಲಿ ಬ್ಯಾರಿ ಭಾಷೆ, ಪೇಟೆಯಲ್ಲಿ ತುಳು, ಕಾಲೇಜಿನವರ ಹತ್ತಿರ ಕನ್ನಡ ಎಂಬುದು ಅವರ ಕಾನೂನು. ನಾನು ಶೆಟ್ಟರ ಮನೆಯವಳು, ತುಳುವಿನಲ್ಲೇ ಮಾತಾಡಿ ಎಂದರೂ ಕೇಳುತ್ತಿರಲಿಲ್ಲ.

ಕೊಟ್ಟಾರದ ಹತ್ತಿರದ ಕಾಲೇಜೊಂದರಲ್ಲಿ ನಾನಾಗ ಪಿಎಚ್‌ಡಿ ಮಾಡುತ್ತಿದ್ದೆ. ಲ್ಯಾಬಿನ ಪಂಪು ಕೆಟ್ಟಾಗ ರಿಪೇರಿಗೆ ಬಂದ ಉಸ್ಮಾನಾಕ, "ಇಲ್ಲಿ ನೀನು ಎಂತ ಮಾಡುವುದು?" ಎಂದು ಕೇಳಿದರು. ನನ್ನ ಮನೆಯವರೂ ಅಷ್ಟು ಆಸಕ್ತಿಯಿಂದ ಕೇಳಿರಲಿಲ್ಲ. ನಾನೂ ಉಮೇದಿನಿಂದ ಹೇಳಿದೆ. ಕೆಲವು ಅಣುಗಳು ಚಪ್ಪಲಿಯ ಜೋಡಿಯ ಹಾಗೆ: ಎಡದ್ದು, ಬಲದ್ದು ಎಂದು ಎರಡು ರೂಪ, ನೋಡಲು ಒಂದೇ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಕೈರಲ್ ಅಣು ಎಂದು ಅವಕ್ಕೆ ಹೆಸರು. ಇನ್ನು, ಪ್ರತಿ ಎಲೆಕ್ಟ್ರಾನಿಗೂ ಸ್ಪಿನ್ ಎಂಬ ಗುಣ ಉಂಟು. ಅದು ಮೇಲ್ಮುಖ ಇರಬಹುದು, ಕೆಳಮುಖ ಇರಬಹುದು. ಎಡದ ಅಣುವಿನ ಪದರ ಒಂದು ಬಗೆಯ ಸ್ಪಿನ್ನನ್ನು ಸಲೀಸಾಗಿ ದಾಟಿಸುತ್ತದೆ, ಬಲದ್ದು ಇನ್ನೊಂದನ್ನು. ಇದು ಕೈಗೆ ಬಂದರೆ ಮುಂದೆ ಹೆಚ್ಚು ಬಿಸಿಯಾಗದ ಚಿಪ್ ಮಾಡಬಹುದು.

ಉಸ್ಮಾನಾಕ ಸ್ಪ್ಯಾನರು ಕೆಳಗಿಟ್ಟರು. "ಅಂದರೆ ಗೇಟಿನಲ್ಲಿ ನಿಂತವ ಎಡಚ. ಎಡಚರನ್ನೇ ಒಳಗೆ ಬಿಡ್ತಾನೆ. ಅಲ್ಲ ಮಾರಾಯ್ತಿ, ನನ್ನ ಮದ್ರಸದ ಗೇಟಿನಲ್ಲಿ ಅಂಥವ ಒಬ್ಬ ಇರಬಾರದಿತ್ತಾ?" ಎಂದು ನಕ್ಕರು.

ಮೂರನೆಯ ವರ್ಷ ಎಡದ ಅಣುವಿನ ಅಳತೆ ಮುಗಿಯಿತು. ಅಯಸ್ಕಾಂತದ ಮುಖ ಮೇಲಿದ್ದಾಗ ಕರೆಂಟು ಹೆಚ್ಚು. ಬಲದ ಅಣುವಿನಲ್ಲಿ ಇದು ತಿರುವುಮುರುವಾದರೆ ನಾನು ಗೆದ್ದೆ. ಅಷ್ಟರಲ್ಲಿ ಅಯಸ್ಕಾಂತದ ಕಾಯಿಲು, ಅಂದರೆ ಕರೆಂಟು ಹರಿಯುವ ತಂತಿಯ ಸುರುಳಿ, ಸುಟ್ಟುಹೋಯಿತು. ಬಂದರಿಗೆ ಓಡಿದೆ. ನಾಳೆಯೇ ಬೇಕೆಂದು ಅವರ ತಲೆ ತಿಂದೆ. ಮರುದಿನ ತಂದು ಜೋಡಿಸಿಯೂ ಕೊಟ್ಟರು. ಕಾಂಪಾಸ್ ಇಟ್ಟು ನೋಡುವ ಎರಡು ನಿಮಿಷ ನನಗೂ ಇತ್ತು, ನಾನು ನೋಡಲಿಲ್ಲ. ಬಲದ ಅಣುವಿನ ಅಳತೆ ಮಾಡಿದರೆ ಫಲಿತಾಂಶ ತಿರುವುಮುರುವು! ನಾನು ಲ್ಯಾಬಿನಲ್ಲೇ ಕುಣಿದೆ. ಗೈಡ್ ಮೇಡಂ ಪೇಪರು ಬರೆಯಿಸಿ, "ಶುಕ್ರವಾರ ಮೂರು ಗಂಟೆಗೆ ಜರ್ನಲ್ಲಿಗೆ ಕಳಿಸಿಬಿಡು," ಎಂದರು.

ಆ ಶುಕ್ರವಾರ ಜುಮಾ ನಮಾಜು ಮುಗಿಸಿ ಉಸ್ಮಾನಾಕ ನೇರ ಲ್ಯಾಬಿಗೆ ಬಂದರು. ಬಿಳಿ ಅಂಗಿಯ ಜೇಬಿನಲ್ಲಿ ಕಾಂಪಾಸ್ ಇತ್ತು.

"ನಿನ್ನ ಕಾಯಿಲಿಗೆ ನೂಲು ಕಟ್ಟಿದ ನೆನಪು ಬರುವುದಿಲ್ಲ ನನಗೆ. ಎರಡು ದಿನದಿಂದ ಊಟ ಸೇರುವುದಿಲ್ಲ. ಒಮ್ಮೆ ನೋಡುವಾ?"

ನೋಡಿದೆವು. ನಾನು ಮೇಲೆ ಎಂದುಕೊಂಡದ್ದು ಕೆಳಗಿತ್ತು. ಫಲಿತಾಂಶ ತಿರುಗಿದ್ದು ಅಣುವಿನಿಂದಲ್ಲ, ಕಾಯಿಲಿನ ತುದಿಗಳು ಅದಲುಬದಲಾದದ್ದರಿಂದ. ಎಡದ ಅಣು, ಬಲದ ಅಣು ಎರಡೂ ಒಂದೇ ಉತ್ತರ ಕೊಟ್ಟಿದ್ದವು. ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ.

ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲಿ. "ಇಷ್ಟು ದಿನ ಎಲ್ಲಿ ಹೋಗಿತ್ತು ನಿಮ್ಮ ನೆನಪು? ಮೂರು ವರ್ಷದ ಕೆಲಸ ನೀರಿಗೆ ಹೋಯಿತಲ್ಲ!" ಎಂದು ಕೂಗಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಎಡಚನ ಕೈಗೆ ಕೊಟ್ಟದ್ದೇ ನನ್ನ ತಪ್ಪು," ಎಂದೂ ಹೇಳಿದೆ.

ಅವರ ಮುಖ ಒಂದು ಕ್ಷಣ ಸಣ್ಣದಾಯಿತು. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಜೇಬಿನಿಂದ ಕೆಂಪು ನೂಲು ತೆಗೆದು ಸರಿಯಾದ ತುದಿಗೆ ಕಟ್ಟಿದರು. ಏಳುವಾಗ ಮಂಡಿ ಹಿಡಿದುಕೊಂಡರು.

"ತಪ್ಪು ನನ್ನದೇ, ಬೈದುಬಿಡು. ನನಗೆ ಗೊತ್ತಾದದ್ದನ್ನು ಹೇಳಿದೆ. ಇನ್ನು ಕಳಿಸುವುದು, ಬಿಡುವುದು ನಿನ್ನ ಮನಸ್ಸು."

ಅವರು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ. ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಕಳಿಸಿಬಿಡೋಣ ಎಂದು ಅನಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಕಾಯಿಲಿನ ಕಡೆ ನೋಡಿದರೆ ಆ ನೂಲು ಕಾಣುತ್ತಿತ್ತು. ಮೂರು ಗಂಟೆಗೆ ಮೇಡಮ್ಮಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಅತ್ತೆ.

ಮತ್ತೆ ಮೊದಲಿನಿಂದ ಶುರು. ಅಣುಗಳ ಪದರದಲ್ಲಿ ಸಣ್ಣ ಸಣ್ಣ ತೂತುಗಳಿದ್ದು, ಕರೆಂಟು ಅಣುವನ್ನು ಮುಟ್ಟದೆ ಅಲ್ಲಿಂದಲೇ ನುಸುಳಿ ಹೋಗುತ್ತಿತ್ತು; ಮೊದಲು ಕಂಡ ವ್ಯತ್ಯಾಸ ಉಪಕರಣದ್ದೇ ಹೊರತು ಅಣುವಿನದಲ್ಲ. ತೂತಿಲ್ಲದ ಪದರ ಮಾಡಲು ಒಂದು ವರ್ಷ ಬೇಕಾಯಿತು. ಆಮೇಲೆ, ಅದೇ ಕಾಯಿಲಿನಲ್ಲಿ, ಎಡ ಮತ್ತು ಬಲ ನಿಜವಾಗಿಯೂ ಬೇರೆಯಾದವು. ವ್ಯತ್ಯಾಸ ಸಣ್ಣದು, ಆದರೆ ಎಷ್ಟು ಸಲ ನೋಡಿದರೂ ಅಲ್ಲೇ ಇತ್ತು.

ಆ ವರ್ಷವಿಡೀ ನಾಚಿಕೆಯಿಂದ ನಾನು ಬಂದರಿನ ಕಡೆಗೇ ಹೋಗಿರಲಿಲ್ಲ. ಈಗ ಗ್ರಾಫಿನ ಪ್ರಿಂಟು ಹಿಡಿದು ಹೊರಟೆ. ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ನಾಲ್ಕು ಸಲ ಬಾಯಿಪಾಠ ಮಾಡಿಕೊಂಡಿದ್ದೆ.

"ಬಾ ಬಾ. ಕಾಂಪಾಸ್ ಇಟ್ಟು ನೋಡಿದ್ಯಾ?" ಎಂಬುದೇ ಅವರ ಮೊದಲ ಮಾತು.

"ಎರಡು ಸಲ ನೋಡಿದೆ ಉಸ್ಮಾನಾಕ."

ಗ್ರಾಫನ್ನು ತೊಡೆಯ ಮೇಲೆ ಹರಡಿಕೊಂಡರು. ಒಂದು ಗೆರೆ ಮೇಲೆ, ಒಂದು ಕೆಳಗೆ. "ಇದರಲ್ಲಿ ಎಡದ್ದು ಯಾವುದು?" ತೋರಿಸಿದೆ. ಎಡಗೈಯ ಹೆಬ್ಬೆರಳಿನಿಂದ ಆ ಗೆರೆಯನ್ನು ಮೆಲ್ಲಗೆ ಸವರಿ, "ಇದು ನಮ್ಮ ಪಾರ್ಟಿ," ಎಂದು ನಕ್ಕರು. ಹಾಲಿಲ್ಲದ ಸುಲೈಮಾನಿ ಚಾ ತರಿಸಿದರು, ಮದ್ರಸದ ಬೆತ್ತದ ಕಥೆ ಇನ್ನೊಮ್ಮೆ ಹೇಳಿದರು. ನಾನೂ ನಕ್ಕೆ, ಚಾ ಕುಡಿದೆ, ಹೊರಟುಬಂದೆ. ಹೇಳಲೆಂದು ಹೋದ ಮಾತು ಬಾಯಿಗೆ ಬರಲಿಲ್ಲ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ.

ಮುಂದಿನ ಸಲ ಬರಲಿಲ್ಲ. ಫಳ್ನೀರಿನ ಆಸ್ಪತ್ರೆಯಲ್ಲಿ ಉಸ್ಮಾನಾಕ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ದಫನ ಮುಗಿದ ಮೇಲೆ.

ಈಗ ಆ ಲ್ಯಾಬಿನಲ್ಲಿ ನಾನೇ ಪಾಠ ಮಾಡುತ್ತೇನೆ. ಕಾಯಿಲು ಅದೇ. ಮೊನ್ನೆ ಒರೆಸುವಾಗ ಅವರು ಕಟ್ಟಿದ ನೂಲು ಹಳತಾಗಿ, ಲಡ್ಡಾಗಿ ಕೈಗೇ ಕಿತ್ತುಬಂತು. ಹೊಸ ಕೆಂಪು ನೂಲು ತಂದೆ. ಕಾಂಪಾಸ್ ಇಟ್ಟು ಎರಡು ಸಲ ನೋಡಿದೆ. ಆಮೇಲೆ ನೆಲದ ಮೇಲೆ ಕೂತು, ಕೆಲಸ ಬಾರದ ನನ್ನ ಎಡಗೈಯಲ್ಲೇ ತಡವರಿಸುತ್ತ ಗಂಟು ಹಾಕಿ, "ತಪ್ಪಾಯಿತು ಉಸ್ಮಾನಾಕ," ಎಂದೆ.