ಮುನಿಯಪ್ಪ ತಾತನ ‘ಗೋ’ ಪಾಠ

ಮುಚ್ಚಿದ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ಗೆ ಬಂದಿಳಿದ ದಿನವೇ ಗಾಳಿ ಎದ್ದು ಸೈನೈಡ್ ದಿಬ್ಬದ ಬಿಳಿ ದೂಳು ಬೀದಿಗೆ ನುಗ್ಗಿತು. ಚಿನ್ನ ತೆಗೆದುಕೊಂಡು ಬಿಟ್ಟುಹೋದ ಮಣ್ಣಿನ ಗುಡ್ಡ ಅದು. ಪಕ್ಕದ ಮನೆಯ ಮುದುಕರು "ಗೋ ಇನ್, ಗೋ ಇನ್" ಎನ್ನುತ್ತಾ ನನ್ನನ್ನೂ ಮಗಳನ್ನೂ ಒಳಗಟ್ಟಿದರು. ನಮ್ಮ ಸಿಂದಗಿ ಕಡೆ ದೂಳಿಗೇನೂ ಬರವಿಲ್ಲ. ಆದರೆ ಅದಕ್ಕೆ ಯಾರೂ ಇಂಗ್ಲಿಷಿನಲ್ಲಿ ಕೂಗಿ ಬಾಗಿಲು ಹಾಕಿಸುವುದಿಲ್ಲ.

ಗಂಡ ತೀರಿಕೊಂಡ ಮೇಲೆ ಇಲ್ಲಿನ ಸಣ್ಣ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ತಿಂಗಳ ಕೊನೆಗೆ ಹೆಡ್ಮಿಸ್ ಕೂತು ನನ್ನ ಇಂಗ್ಲಿಷ್ ಪಾಠ ಕೇಳುವವರಿದ್ದರು. ಹಿಡಿಸದಿದ್ದರೆ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಗೆ ವಾಪಸ್ಸು. ಅತ್ತಿಗೆಯ ಮುಖ ನೆನೆದರೆ ತುತ್ತು ಇಳಿಯುತ್ತಿರಲಿಲ್ಲ. ಪಾಠವೋ, ‘ಗೋ’ ಎಂಬ ಪದಕ್ಕೆ ಒಂದೊಂದು ಬಾಲ ಅಂಟಿಸಿದಂತೆಲ್ಲ ಅರ್ಥ ಬದಲಾಗುವ ಪಟ್ಟಿ. ಬಾಯಿಪಾಠ ಮಾಡಿದೆ, ಮರೆತೆ, ಅತ್ತೆ.

ಆ ಮುದುಕರೇ ಮುನಿಯಪ್ಪ. ಕಾಮಸಮುದ್ರದ ಕಡೆಯವರು, ಮುಚ್ಚುವವರೆಗೂ ಗಣಿಯಲ್ಲಿ ದುಡಿದವರು. ನಮ್ಮಲ್ಲಾದರೆ ಅಜ್ಜ, ಇಲ್ಲಿ ತಾತ. ನಾನು ರೊಟ್ಟಿ ಬಡಿದು ಕೊಟ್ಟರೆ ಅವರ ಮನೆಯಿಂದ ಮುದ್ದೆ ಬರುತ್ತಿತ್ತು. ಶಾಲೆ ಕಾಣದಿದ್ದರೂ ‘ಗೋ’ ಅವರಿಗೆ ಮೈಗೂಡಿತ್ತು.

"ಪುಸ್ತಕ ಮಡಗಮ್ಮ. ಗೋ ಡೌನ್ ಅಂದ್ರೆ ಇಳಿಯೋದು. ಗೋ ಆನ್ ಅಂದ್ರೆ ಕೆಲ್ಸ ನಿಲ್ಲಿಸಂಗಿಲ್ಲ. ಗೋ ಆಫ್ ಅಂದ್ರೆ ಮದ್ದು ಸಿಡೀತದೆ, ಗೋಡೆ ಕಡೆ ಮುಖ ಮಾಡಿ ಕಿವಿ ಮುಚ್ಕೋಬೇಕು."

ಆಮೇಲೆ ಏನೆಂದು ಕೇಳಿದೆ.

"ಒಬ್ಬೊಬ್ರ ಎಸ್ರು ಕೂಗ್ತೀವಿ. ಎಲ್ಲಾರೂ ಓ ಅನ್ನೋವರ್ಗೂ ಯಾರೂ ಅಲ್ಲಾಡಂಗಿಲ್ಲ."

ಒಮ್ಮೆ ಒಬ್ಬ ಓ ಎನ್ನಲಿಲ್ಲವಂತೆ. ಅವರ ತಮ್ಮ. ಅಷ್ಟು ಹೇಳಿ ತಾತ ಎದ್ದು ಒಳಗೆ ಹೋದರು.

ಮಕ್ಕಳಿಗೆ ನಾನು ಹಾಗೆಯೇ ಕಲಿಸಿದೆ. ಹೆಡ್ಮಿಸ್ ಬಂದ ದಿನ ಮಕ್ಕಳನ್ನು ಅಂಗಳಕ್ಕಿಳಿಸಿ ಮೆಟ್ಟಿಲ ಮೇಲೆ ಗೋ ಅಪ್, ಗೋ ಡೌನ್ ಮಾಡಿಸಿದೆ. ಗೋ ಆಫ್ ಎಂದಾಗ ಎಲ್ಲರೂ ಗೋಡೆಗೆ ಮುಖ ಮಾಡಿ ಕಿವಿ ಮುಚ್ಚಿದರು. ಒಬ್ಬೊಬ್ಬರನ್ನೇ ಕೂಗಿದೆ; ಎಲ್ಲರೂ ಓ ಎಂದರು. ಆದರೂ ಯಾರೂ ತಿರುಗಲಿಲ್ಲ. ಮುಗಿಯಿತು ನನ್ನ ಕೆಲಸ ಅಂದುಕೊಂಡೆ.

ಕೊನೆಯಲ್ಲಿದ್ದ ಹುಡುಗಿ ಗೋಡೆ ನೋಡುತ್ತಲೇ ಹೇಳಿದಳು: "ಮಿಸ್, ನಿಮ್ಮೆಸ್ರು ಯಾರೂ ಕೂಗಿಲ್ಲ."

ಹಿಂದಿನಿಂದ ಹೆಡ್ಮಿಸ್ಸೇ ಕೂಗಿದರು. "ಗಂಗವ್ವ."

ಓ ಎಂದೆ. ಮಕ್ಕಳು ತಿರುಗಿದರು. ಕೆಲಸ ಉಳಿಯಿತು.

ಸಂಜೆ ಅವ್ವನಿಗೆ ಫೋನ್ ಮಾಡಿದೆ. ಈಗಲೂ ಒಲೆ ಮುಂದೆ ಕೂತಾಗ ಮರೆತು ನನ್ನನ್ನು ಕೂಗಿಬಿಡುತ್ತಾಳಂತೆ. ಅಲ್ಲಿ ಓ ಎನ್ನದವಳು ನಾನೇ.