ಗಾಳಿಯಲ್ಲಿ ಬಂದ ಸೀರೆಯಂಚು

ಲ್ಯಾಪ್‌ಟಾಪ್ ಕೈಕೊಡಬಹುದು. ಪಾಸ್‌ವರ್ಡ್ ಮರೆತುಹೋಗಬಹುದು. ಸರಿಯಾಗಿ ಆ ಹೊತ್ತಿಗೇ ‘ಅಪ್‌ಡೇಟ್ ಆಗುತ್ತಿದೆ, ಬಂದ್ ಮಾಡಬೇಡಿ’ ಎಂದು ಕೂತುಬಿಡಬಹುದು. ನಮ್ಮ ಫೋನು ಪಕ್ಕದ ಮನೆಯ ಟಿವಿಗೆ ಹೋಗಿ ಅಂಟಿಕೊಳ್ಳಬಹುದು. ನಾನು ಬಾಯಿ ತೆರೆದು ಮಲಗಿರುವ ಫೋಟೊ (ಹೆಂಡತಿ ತೆಗೆದದ್ದು, ಅಳಿಸಲು ಒಪ್ಪದೆ ಕಾಪಾಡಿಕೊಂಡು ಬಂದದ್ದು) ವ್ಯಾಪಾರಿಯ ಮುಂದೆ ದೊಡ್ಡದಾಗಿ ಮೂಡಬಹುದು.

ಇವೆಲ್ಲಕ್ಕೂ ನಾನು ಮೊದಲೇ ಬಂದೋಬಸ್ತ್ ಮಾಡಿದ್ದೆ. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಮಗ್ಗಗಳ ಊರಾದ ಈ ಇಚಲಕರಂಜಿಯಲ್ಲಿ ಯಾರಿದ್ದಾರೆ?

ವಿಷಯ ಇಷ್ಟು. ಹೆಂಡತಿ ಸರೋಜಾ ಫೋನಿನಲ್ಲೇ ಬೆರಳಾಡಿಸಿ ಒಂದು ಸೀರೆಯಂಚು ಬರೆದಿದ್ದಳು. ಕಬ್ಬಿನ ಹೂವಿನ ಅಂಚು. ಮನೆಯ ಹಿಂದಿನ ನಮ್ಮ ಮಗ್ಗಗಳು ಇಲ್ಲಿಯವರೆಗೆ ನೇಯ್ದದ್ದೆಲ್ಲ ಬೇರೆಯವರು ಕೊಟ್ಟ ಡಿಸೈನು. ತನ್ನದೂ ಒಂದು ಡಿಸೈನು ಮಗ್ಗ ಹತ್ತಬೇಕೆಂದು ಅವಳಿಗೆ ಆಸೆ. ಅದಕ್ಕೆ ನಮ್ಮ ಸೀರೆ ಕೊಳ್ಳುವ ಗಡಹಿಂಗ್ಲಜದ ಈರಪ್ಪಣ್ಣ ‘ಹೂಂ’ ಅನ್ನಬೇಕು. ಅವರದು ಒಂದೇ ಮಾತು: “ಸುಣ್ಣದ ಡಬ್ಬಿಯಷ್ಟು ಫೋನಿನ್ಯಾಗ ನನಗೇನೂ ಕಾಣಂಗಿಲ್ಲ ಯವ್ವಾ. ದೊಡ್ಡದ್ರಾಗ ತೋರಸು.”

ಕೇಬಲ್ ಹಾಕಿದರಾಯಿತಲ್ಲ, ಅನ್ನುತ್ತೀರಿ. ಎಲ್ಲಿ ಹಾಕುವುದು? ಮಗ್ಗದ ಹತ್ತಿಯ ನವಿರು ಎಳೆಗಳು ನಮ್ಮೂರಿನಲ್ಲಿ ಚಹಾಕ್ಕೂ ಬೀಳುತ್ತವೆ, ಫೋನಿನ ತೂತಿಗೂ ಹೋಗುತ್ತವೆ. ಪಿನ್ನಿನಿಂದ ಕೆದಕಿದೆ. ಊದಿದೆ. ಚಾರ್ಜ್ ಹೇಗೋ ಆಗುತ್ತದೆ, ಫೋಟೊ ಮಾತ್ರ ದಾಟುವುದಿಲ್ಲ. ಹಾಗಾಗಿ ವೈರ್‌ಲೆಸ್!

ಹಿಂದಿನ ಸಂಜೆ ತಾಲೀಮು. ಫೋನು, ಲ್ಯಾಪ್‌ಟಾಪ್ ಎರಡನ್ನೂ ಒಂದೇ ವೈಫೈಗೆ ಸೇರಿಸಿ ಗುಂಡಿ ಒತ್ತಿದೆ. ಏನು ಹೇಳಲಿ! ಸರೋಜಾ ಅಡುಗೆಮನೆಯಲ್ಲಿ ನಿಂತು ಫೋನಿನ ಮೇಲೆ ಬೆರಳು ಸರಿಸಿದರೆ ಪಡಸಾಲೆಯ ಲ್ಯಾಪ್‌ಟಾಪಿನಲ್ಲಿ ಕಬ್ಬಿನ ಹೂ ಸರಿಯುತ್ತಿದೆ! ನಾನು ನಡುವಿನ ಗಾಳಿಯಲ್ಲಿ ಕೈಯಾಡಿಸಿ ನೋಡಿದೆ. (ನಗಬೇಡಿ. ನೀವೂ ನೋಡುತ್ತಿದ್ದಿರಿ.)

“ಕೈ ತಗೀರಿ, ಹೂ ಬಾಡ್ತಾವ,” ಅಂದಳು.

ಮರುದಿನ ಈರಪ್ಪಣ್ಣ ಬಂದು ಚಹಾದ ಕಪ್ಪು ಹಿಡಿದು ಕೂತರು. ಪಾಸ್‌ವರ್ಡ್ ನೆನಪಿತ್ತು. ಅಪ್‌ಡೇಟ್ ಸುಮ್ಮನಿತ್ತು. ಅಂಚು ಪರದೆಯ ತುಂಬ ಅರಳಿತು. ಅವರು ಕನ್ನಡಕ ಏರಿಸಿ, “ಅರೆ ವ್ಹಾ, ಇದು...” ಅಂದರು. ಮುಂದಿನದು ಮಗ್ಗಗಳ ಖಟಖಟದಲ್ಲಿ ಕೇಳಲಿಲ್ಲ.

ಹಿರಿಯರು ಮಾತಾಡುವಾಗ ಮಗ್ಗ ನಿಲ್ಲಿಸುವುದು ನಮ್ಮಲ್ಲಿ ಮರ್ಯಾದೆ. ಕಿಟಕಿಯಿಂದ ನಮ್ಮ ಮಗ್ಗ ನಡೆಸುವ ಆಳಿಗೆ ಕೂಗಿದೆ: “ಮಾರುತಿ, ಮನೀಗೆ ಪಾವ್ಹಣೇರು ಬಂದಾರ, ಬಂದ್ ಮಾಡೋ!” ಅವನು ಮೇನ್ ಸ್ವಿಚ್ ಎಳೆದ.

ಮಗ್ಗ ನಿಂತವು. ಕಬ್ಬಿನ ಹೂವೂ ಮಾಯ!

ವೈಫೈ ಡಬ್ಬಿಯ ಪ್ಲಗ್ ಇದ್ದದ್ದು ಮಗ್ಗದ ಬೋರ್ಡಿನಲ್ಲಿ. ಅಲ್ಲಿ ಹಾಕಿದವನು ಯಾರು? ನಾನೇ.

ಸದ್ದು ನಿಂತಿತೆಂದು ಓಣಿಯವರೆಲ್ಲ “ಕಾಯ್ ಝಾಲಂ? ಏನಾತು?” ಎಂದು ಇಣುಕಿದರು. ಈರಪ್ಪಣ್ಣ ಕನ್ನಡಕ ಇಳಿಸಿದರು. “ಹೋತಲ್ಲೋ ತಮ್ಮಾ. ನನಗೂ ಬಸ್ಸಿನ ಹೊತ್ತಾತು.”

ಸರೋಜಾಳ ಮುಖ ನೋಡಲಾಗಲಿಲ್ಲ. ಅವಳೇ ಕಿಟಕಿಗೆ ಓಡಿದಳು. “ಮಾರುತೀ, ಚಾಲೂ ಮಾಡಪಾ! ಯಪ್ಪಾರ, ಒಂದ ಮಿನಿಟ ಕೂಡ್ರಿ!”

ಮಗ್ಗಗಳು ಮತ್ತೆ ಗರ್ಜಿಸಿದವು. ನಾನು ಮತ್ತೆ ಗುಂಡಿ ಒತ್ತಿದೆ. ಅಂಚು ಮರಳಿತು! ಆದರೆ ಈಗ ಮಾತು ಹೇಗೆ? ಈರಪ್ಪಣ್ಣ ಹರೆಯದಲ್ಲಿ ಮಗ್ಗ ನಡೆಸಿದವರು, ಆ ಗದ್ದಲದಲ್ಲಿ ಕೈಯಿಂದಲೇ ಮಾತಾಡಿದವರು. ಪರದೆಯನ್ನು ಒಮ್ಮೆ ನೋಡಿದರು. ತಮ್ಮ ಧೋತರದ ಅಂಚಿನ ಮೇಲೆ ಉದ್ದಕ್ಕೆ ಬೆರಳೆಳೆದರು. ಆಮೇಲೆ ಅದೇ ಬೆರಳನ್ನು ಮಗ್ಗದ ಕಡೆಗೆ ಚಾಚಿದರು.

ಅಯ್ಯೋ, ಧೋತರಕ್ಕೆ ಚಹಾ ಚೆಲ್ಲಿತೇ? ನಾನು ಒರೆಸುವ ಬಟ್ಟೆ ಹುಡುಕಿದೆ. ಆ ಕೈಸನ್ನೆ ಸರೋಜಾಳಿಗೆ ತಿಳಿದಿತ್ತು: ‘ಈ ಅಂಚು ಮಗ್ಗಕ್ಕ ಹತ್ತಿಸು!’ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಅವರನ್ನು ಬಸ್ಸಿಗೆ ಕಳಿಸಿ ಬಂದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಕೂಗಿದಳು:

“ಊರ ಚಿಂತಿ ಎಲ್ಲಾ ಮಾಡ್ತೀರಿ, ಆ ಒಂದ ಪ್ಲಗ್ಗಿನ ಚಿಂತಿ ಯಾಕ ಬಿಟ್ರಿ?”